ಜಪಾನಿನ ‘ಕೈಜುಕಾ’ಗೆ ಕನ್ನಡದಲ್ಲಿ ಏನನ್ನೋಣ? ಚಿಪ್ಪಿನ ದಿಬ್ಬವೋ, ಚಿಪ್ಪಿನ ತಿಪ್ಪೆಯೋ?

ಚಿಬಾ_ಕನ್ನಡತಿ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಜಪಾನಿನ ಚಿಬಾದಲ್ಲಿ, ಬಂದು ಹನ್ನೊಂದು ವರ್ಷವಾಯಿತು. ಮನೆಯಿಂದ ಸೈಕಲ್ ತುಳಿದರೆ ಅರ್ಧ ಗಂಟೆಯಲ್ಲಿ ಕಾಸೊರಿ ಕೈಜುಕಾ ಸಿಗುತ್ತದೆ. ಮುಂದಿನ ತಿಂಗಳು ಇಲ್ಲಿನ ಕನ್ನಡದ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಅವರಿಗಾಗಿ ಎರಡು ಪುಟದ ಟಿಪ್ಪಣಿ ಬರೆಯಲು ಕೂತೆ. ಮೊದಲ ಪದಕ್ಕೇ ಪೆನ್ನು ನಿಂತಿತು.

‘ಕೈ’ ಎಂದರೆ ಚಿಪ್ಪು, ‘ತ್ಸುಕಾ’ ಎಂದರೆ ದಿಬ್ಬ. ಎರಡೂ ಕೂಡಿ ‘ಕೈಜುಕಾ’. ಜೋಮೊನ್ ಎಂಬ ಜಪಾನಿನ ಪ್ರಾಚೀನ ಕಾಲದ ಜನ ತಿಂದು ಬಿಟ್ಟ ಚಿಪ್ಪು, ಮೀನಿನ ಮುಳ್ಳು, ಜಿಂಕೆ ಮತ್ತು ಕಾಡುಹಂದಿಯ ಮೂಳೆ, ಒಡೆದ ಮಡಕೆ ಎಲ್ಲವೂ ತಲೆಮಾರುಗಟ್ಟಲೆ ಒಂದೇ ಕಡೆ ಬಿದ್ದು ಬೆಳೆದ ದಿಬ್ಬ ಇದು. ಜಪಾನಿನಲ್ಲಿ ಇಂಥವು ಎರಡು ಸಾವಿರಕ್ಕೂ ಹೆಚ್ಚಿವೆ. ಚಿಬಾ ಪ್ರಾಂತದಷ್ಟು ದಟ್ಟವಾಗಿ ಬೇರೆಲ್ಲೂ ಇಲ್ಲ. ಕಾಸೊರಿಯಲ್ಲಿ ಎರಡು ದಿಬ್ಬಗಳು ಅಂಟಿಕೊಂಡಿವೆ. ಉತ್ತರದ್ದು ಸುಮಾರು 140 ಮೀಟರ್ ಅಡ್ಡಳತೆಯ ಉಂಗುರ, ಸುಮಾರು 5,000 ವರ್ಷ ಹಳೆಯದು. ದಕ್ಷಿಣದ್ದು ಲಾಳದ ಆಕಾರ, ಸುಮಾರು 190 ಮೀಟರ್, ಅದಕ್ಕಿಂತ ಒಂದು ಸಾವಿರ ವರ್ಷ ಈಚಿನದು. ಮೇಲಿನಿಂದ ನೋಡಿದರೆ ಇಂಗ್ಲಿಷಿನ ಎಂಟರ ಅಂಕಿ. 2017ರಲ್ಲಿ ಇದನ್ನು ‘ವಿಶೇಷ ಐತಿಹಾಸಿಕ ತಾಣ’ ಎಂದು ಘೋಷಿಸಿದರು. ಚಿಪ್ಪಿನ ದಿಬ್ಬವೊಂದಕ್ಕೆ ಆ ಮಾನ ಸಿಕ್ಕಿದ್ದು ಅದೇ ಮೊದಲು.

ನನ್ನ ಪ್ರಶ್ನೆ ಇಷ್ಟೇ. ‘ಚಿಪ್ಪಿನ ದಿಬ್ಬ’ ಎಂದರೆ ಮಕ್ಕಳಿಗೆ ಏನೂ ಹೊಳೆಯುವುದಿಲ್ಲ. ‘ಚಿಪ್ಪಿನ ತಿಪ್ಪೆ’ ಎಂದರೆ ಥಟ್ಟನೆ ಅರ್ಥವಾಗುತ್ತದೆ, ಆದರೆ ಅವಮಾನ ಮಾಡಿದಂತಾಗುವುದೇ? ಆ ದಿಬ್ಬದೊಳಗೆ ಮನುಷ್ಯರನ್ನೂ ಹೂಳಿದ್ದಾರೆ.

ನಿವೃತ್ತ_ಮೇಷ್ಟ್ರು:
ತಂಗೀ, ತಿಪ್ಪೆ ಎಂದೇ ಬರೆಯಿರಿ. ಅಂಜಬೇಡಿ. ಈ ವಿದ್ಯೆ ಶುರುವಾದದ್ದೇ ಆ ಮಾತಿನಿಂದ. ಡೆನ್ಮಾರ್ಕಿನ ಕಡಲತಡಿಯಲ್ಲಿ ಸಿಂಪಿಯ ಗುಡ್ಡೆಗಳಿದ್ದವು. ಸಮುದ್ರವೇ ತಂದು ಹಾಕಿದ್ದೆಂದು ಜನ ನಂಬಿದ್ದರು. 1848ರಲ್ಲಿ ಅಲ್ಲಿ ಮೂವರನ್ನು ನೇಮಿಸಿದರು: ಭೂವಿಜ್ಞಾನಿ ಫೋರ್ಕ್‌ಹಾಮರ್, ಪ್ರಾಣಿವಿಜ್ಞಾನಿ ಸ್ಟೀನ್‌ಸ್ಟ್ರುಪ್, ಪುರಾತತ್ವದ ವೋರ್ಸೊ. ಇವು ಕಡಲು ಕಟ್ಟಿದ್ದಲ್ಲ, ಮನುಷ್ಯರು ಉಂಡು ಬಿಸಾಕಿದ್ದು ಎಂದು ಅವರು ಕಂಡುಕೊಂಡರು. ‘ಅಡುಗೆಮನೆಯ ಕಸದ ರಾಶಿ’ ಎಂಬ ಅರ್ಥದ ಡೇನಿಷ್ ಮಾತನ್ನೇ ಲೋಕವೆಲ್ಲ ಎತ್ತಿಕೊಂಡಿತು. ಕಸವನ್ನು ಕಸ ಎಂದು ಗುರುತಿಸಿದ್ದೇ ದೊಡ್ಡ ಶೋಧ. ಈಗ ಅದಕ್ಕೆ ರೇಷ್ಮೆ ಹೊದಿಸುವುದೇಕೆ?

ಅಘನಾಶಿನಿ_ತೀರ:
ನಾನು ಕುಮಟೆಯ ಕಡೆಯವಳು. ನಮ್ಮಲ್ಲಿ ಹೊಳೆ ಇಳಿತವಾದಾಗ ಹೆಂಗಸರು ಕೆಸರಿನಲ್ಲಿ ಕೈಯಾಡಿಸಿ ಬಳಚು ಆಯುತ್ತಾರೆ. ಮಂಗಳೂರಿನವರು ಮರುವಾಯಿ ಎನ್ನುವುದು ಅದನ್ನೇ. ಬೇಯಿಸಿ ಮಾಂಸ ತೆಗೆದ ಮೇಲೆ ಚಿಪ್ಪನ್ನು ಯಾರೂ ಮನೆ ಬಾಗಿಲಲ್ಲಿ ಚೆಲ್ಲುವುದಿಲ್ಲ, ಕಾಲಿಗೆ ಚುಚ್ಚುತ್ತದೆ. ಅಜ್ಜಿ ಹಿತ್ತಲ ಮೂಲೆಯಲ್ಲಿ ಒಂದೇ ಕಡೆ ಸುರಿಯುತ್ತಿದ್ದಳು. ನಾನು ನೋಡುವಾಗಲೇ ಅದು ನನ್ನ ಎತ್ತರವಿತ್ತು. ಅದನ್ನು ನಾವು ಕಸ ಅನ್ನುತ್ತಿರಲಿಲ್ಲ, ಏಕೆಂದರೆ ಸುಣ್ಣ ಸುಡುವವರು ಬಂದು ಚೀಲದ ಲೆಕ್ಕದಲ್ಲಿ ಕೊಂಡೊಯ್ಯುತ್ತಿದ್ದರು. ಜಪಾನಿನಲ್ಲಿ ಐದು ಸಾವಿರ ವರ್ಷ ಅದನ್ನು ಹಾಗೇ ಬಿಟ್ಟಿದ್ದಾರಲ್ಲ, ಅದೇ ನನಗೆ ಆಶ್ಚರ್ಯ.

ಉತ್ಖನನ_ವಿದ್ಯಾರ್ಥಿ:
ಎಲ್ಲ ಕಡೆ ಹಾಗೇ ಬಿಟ್ಟಿಲ್ಲ ಅಕ್ಕ. ಉತ್ತು ಹಾಳಾದದ್ದು, ಅಗೆದು ಸಾಗಿಸಿದ್ದು, ಮೇಲೆ ಮನೆ ಎದ್ದದ್ದು ಬೇಕಾದಷ್ಟಿವೆ. ಕಾಸೊರಿಯೇ 1960ರ ದಶಕದಲ್ಲಿ ಕಾರ್ಖಾನೆಗೆ ಹೋಗಬೇಕಿತ್ತು. ಊರಿನವರೂ ಸಂಶೋಧಕರೂ ಹೋರಾಡಿದ್ದರಿಂದ ಉಳಿಯಿತು. ನಗರವೇ ಜಾಗ ಕೊಂಡು 1966ರಲ್ಲಿ ಸಂಗ್ರಹಾಲಯ ತೆರೆಯಿತು.

ಮೇಷ್ಟ್ರೇ, ನಿಮ್ಮ ಮಾತು ಅರ್ಧ ಸರಿ. ಇನ್ನರ್ಧ ರಸಾಯನದಲ್ಲಿದೆ. ಜಪಾನಿನ ಮಣ್ಣು ಬಹುಪಾಲು ಜ್ವಾಲಾಮುಖಿಯ ಬೂದಿಯಿಂದ ಆದದ್ದು, ಹುಳಿಮಣ್ಣು. ಅದರಲ್ಲಿ ಹೂತ ಮೂಳೆ ಕೆಲವು ಶತಮಾನಗಳಲ್ಲಿ ಕರಗಿ ಹೋಗುತ್ತದೆ. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೋನೇಟ್. ಮಳೆನೀರು ಚಿಪ್ಪಿನ ಪದರದ ಮೂಲಕ ಇಳಿಯುವಾಗ ಅದರ ಹುಳಿ ಮುರಿಯುತ್ತದೆ, ಕೆಳಗಿನ ಮೂಳೆ ಉಳಿಯುತ್ತದೆ. ಜೋಮೊನ್ ಜನರ ಮುಖ, ಎತ್ತರ, ಕಾಯಿಲೆ, ವಂಶವಾಹಿಯ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಬಂದದ್ದು ಈ ದಿಬ್ಬಗಳಿಂದಲೇ. ಚಿಪ್ಪಿಲ್ಲದ ಹಳ್ಳಿಗಳಲ್ಲಿ ಮಡಕೆ, ಕಲ್ಲು, ಕಂಬದ ಕುಳಿ ಸಿಗುತ್ತವೆ. ಮನುಷ್ಯರು ಸಿಗುವುದು ಅಪರೂಪ.

ಹಾಗಾಗಿ ‘ತಿಪ್ಪೆ’ ಎಂದು ನಿಲ್ಲಿಸಿದರೆ ಮಕ್ಕಳಿಗೆ ತಪ್ಪು ಚಿತ್ರ ಹೋಗುತ್ತದೆ ಎಂದು ನನ್ನ ವಾದ. ಐಚಿ ಪ್ರಾಂತದ ಯೋಶಿಗೊ ದಿಬ್ಬದಲ್ಲಿ 300ಕ್ಕೂ ಹೆಚ್ಚು ಜನರ ಅಸ್ಥಿ ಸಿಕ್ಕಿದೆ. ಕೈಯಲ್ಲಿ ಚಿಪ್ಪಿನ ಬಳೆ ಇದ್ದವರೂ ಅವರಲ್ಲಿದ್ದಾರೆ. ಬಳೆ ತೊಡಿಸಿ ಕಳಿಸುವ ಜಾಗವನ್ನು ಕಸದ ಜಾಗ ಎನ್ನುತ್ತೀರಾ?

ನಿವೃತ್ತ_ಮೇಷ್ಟ್ರು:
ತಮ್ಮಾ, ಒಂದು ಅನುಮಾನ. ಮೂಳೆ ಉಳಿದದ್ದು ಚಿಪ್ಪಿನಿಂದ ಎಂದು ನೀವೇ ಹೇಳಿದಿರಿ. ಅಂದಮೇಲೆ ಬೇರೆ ಕಡೆ ಹೂತವರೂ ಇದ್ದಿರಬಹುದು, ಅವರು ಕರಗಿ ಹೋಗಿರಬಹುದು. ಚಿಪ್ಪಿನಲ್ಲಿ ಹೂತವರಷ್ಟೇ ನಮ್ಮ ಕಣ್ಣಿಗೆ ಬೀಳುತ್ತಿದ್ದಾರೆ. ಅಷ್ಟರಿಂದ ‘ಅದು ಪವಿತ್ರ ಸ್ಥಳ’ ಎಂದು ಹೇಳಲಾದೀತೆ? ಅಗೆಯಲು ಸುಲಭ, ಊರಿಗೆ ಹತ್ತಿರ ಎಂಬ ಕಾರಣಕ್ಕೂ ಅಲ್ಲಿ ಹೂತಿರಬಹುದು.

ಉತ್ಖನನ_ವಿದ್ಯಾರ್ಥಿ:
ಒಪ್ಪಿದೆ ಮೇಷ್ಟ್ರೇ. ಈ ಎಚ್ಚರ ಬೇಕೇಬೇಕು. ‘ಪವಿತ್ರ’ ಎಂಬ ಪದ ನಾನು ಬಳಸಲಿಲ್ಲ, ಆದರೆ ನನ್ನ ಮಾತು ಅತ್ತಲೇ ವಾಲಿತ್ತು. ಆದರೂ ನಾಯಿಗಳ ವಿಷಯ ನೋಡಿ. ಜಿಂಕೆ, ಹಂದಿಯ ಮೂಳೆ ಈ ದಿಬ್ಬಗಳಲ್ಲಿ ಒಡೆದು ಚದುರಿರುತ್ತವೆ. ನಾಯಿ ಮಾತ್ರ ಎಷ್ಟೋ ಕಡೆ ಇಡಿಯಾಗಿ, ಮಲಗಿಸಿದ ಹಾಗೆ ಸಿಗುತ್ತದೆ. ಎಸೆಯುವುದಕ್ಕೂ ಹೂಳುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ಗೊತ್ತಿತ್ತು, ಮತ್ತು ಎರಡನ್ನೂ ಒಂದೇ ದಿಬ್ಬದಲ್ಲಿ ಮಾಡಿದರು.

ಚಿಬಾ_ಕನ್ನಡತಿ:
ಹೌದು, ಕಾಸೊರಿಯಲ್ಲೂ ನಾಯಿ ಸಿಕ್ಕಿದೆ. ಸಂಗ್ರಹಾಲಯದ ಗುರುತಿನ ಗೊಂಬೆಯೇ ಒಂದು ನಾಯಿ. ನಮ್ಮ ಮಕ್ಕಳಿಗೆ ಮೊದಲು ಅದೇ ಇಷ್ಟವಾಗುವುದು.

ಹೂಳುವ ಮಾತು ಬಂದದ್ದರಿಂದ ನನ್ನನ್ನು ಬಹಳ ಕಾಡಿದ ಇಬ್ಬರ ಬಗ್ಗೆ ಹೇಳುತ್ತೇನೆ. ಮೊದಲನೆಯವನು ಒಕಾಯಾಮಾ ಪ್ರಾಂತದ ತ್ಸುಕುಮೊ ದಿಬ್ಬದವನು. ಕ್ಯೋಟೊದ ಕಿಯೊನೊ ಕೆಂಜಿ ಅವರು 1920ರ ಆಸುಪಾಸಿನಲ್ಲಿ ಅಲ್ಲಿ ಅಗೆದರು. ಆ ದಿಬ್ಬದಲ್ಲಿ 170ರಷ್ಟು ಜನರಿದ್ದರು. 24ನೇ ಸಂಖ್ಯೆಯವನ ಮೂಳೆಗಳ ಮೇಲೆ ಆಳವಾದ ಕೊರೆತಗಳಿದ್ದವು. ಯುದ್ಧದ ಗಾಯವೋ, ಮೃಗ ಕಚ್ಚಿದ್ದೋ ಎಂಬುದು ಸುಮಾರು ನೂರು ವರ್ಷ ಬಗೆಹರಿಯಲಿಲ್ಲ. 2021ರಲ್ಲಿ ಉತ್ತರ ಪ್ರಕಟವಾಯಿತು: ಶಾರ್ಕ್. ಕನಿಷ್ಠ 790 ಗಾಯದ ಗುರುತು. ಬಲಗಾಲೇ ಇರಲಿಲ್ಲ. ಎಡಗಾಲು ಬೇರ್ಪಟ್ಟಿತ್ತು, ಅದನ್ನು ದೇಹದ ಮೇಲೆ ತಲೆಕೆಳಗಾಗಿ ಇಟ್ಟು ಹೂತಿದ್ದರು. ಮೂರು ಸಾವಿರ ವರ್ಷದ ಹಿಂದೆ ಅವನ ಜೊತೆಯವರು ನೀರಿನಿಂದ ಸಿಕ್ಕಷ್ಟನ್ನು ಎತ್ತಿ ತಂದು, ಕಾಲನ್ನೂ ಬಿಡದೆ ಜೊತೆಗಿಟ್ಟು ಮಣ್ಣು ಮಾಡಿದ್ದಾರೆ.

ಎರಡನೆಯದು ಹೊಕ್ಕೈಡೊದ ಇರಿಯೆ ದಿಬ್ಬದ ಅಸ್ಥಿ. ತಲೆ, ಎದೆಗೂಡು ದೊಡ್ಡವರದ್ದು. ಕೈಕಾಲಿನ ಮೂಳೆಗಳು ಕಡ್ಡಿಯಂತೆ ಸಣ್ಣ. ಚಿಕ್ಕಂದಿನಲ್ಲೇ ಕೈಕಾಲು ಬಿದ್ದುಹೋಗಿ ಎಷ್ಟೋ ವರ್ಷ ಹಾಗೇ ಬದುಕಿದ್ದ ಜೀವ ಅದು.

ಮೂಳೆ_ಡಾಕ್ಟರ್:
ಚಿಬಾದ ಅಕ್ಕ ಹೇಳಿದ ಎರಡನೆಯ ಅಸ್ಥಿಯ ಚಿತ್ರವನ್ನು ಕೆಲವು ವರ್ಷದ ಹಿಂದೆ ನೋಡಿದ್ದೆ. ಪೋಲಿಯೊ ಇರಬಹುದು ಎಂಬ ಅಭಿಪ್ರಾಯವಿದೆ. ಸ್ನಾಯು ಕೆಲಸ ಬಿಟ್ಟರೆ ಅದರ ಕೆಳಗಿನ ಮೂಳೆ ದಪ್ಪವಾಗುವುದಿಲ್ಲ. ಮೂಳೆ ಬೆಳೆಯುವುದು ಎಳೆತದಿಂದ. ಅಷ್ಟು ಸಣ್ಣ ಮೂಳೆಯಾಗಬೇಕಾದರೆ ಒಂದೆರಡು ತಿಂಗಳಲ್ಲ, ವರ್ಷಾನುಗಟ್ಟಲೆ ಮಲಗಿರಬೇಕು. ನಮ್ಮ ವಾರ್ಡಿನಲ್ಲಿ ಮಲಗಿದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುತ್ತೇವೆ, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಇಲ್ಲಿ ನರ್ಸಿಲ್ಲ, ಹಾಸಿಗೆಯಿಲ್ಲ. ಬೇಟೆಗೂ ಬರದ, ಚಿಪ್ಪು ಆಯಲೂ ಆಗದ ಒಬ್ಬರನ್ನು ಯಾರೋ ದಿನವೂ ಉಣ್ಣಿಸಿ, ಎತ್ತಿ, ತೊಳೆದಿದ್ದಾರೆ. ಅದಕ್ಕೆ ಬೇರೆ ವಿವರಣೆ ನನಗೆ ತೋಚುವುದಿಲ್ಲ.

ಕುಡತಿನಿ_ಕಡೆಯವ:
ನಾ ಬಳ್ಳಾರಿ ಜಿಲ್ಲೆಯವ. ತಿಪ್ಪೆ ಅನ್ನೋದು ಬೈಗಳ ಅಂತ ಯಾಕ ತಿಳೀತೀರಿ ಅಂತ ನನಗ ಅರ್ಥ ಆಗವಲ್ದು. ನಮ್ಮ ಮನಿಯಾಗ ದೀಪಾವಳಿ ಪಾಡ್ಯೆದ ದಿನ ತಿಪ್ಪಿಗೆ ಪೂಜಿ ಮಾಡ್ತಾರ. ಸಂಜಿಮುಂದ ನಮ್ಮವ್ವ ತಿಪ್ಪಿ ಮ್ಯಾಲ ದೀಪ ಇಟ್ಟು ಕೈ ಮುಗೀತಾಳ. ಹೊಲಕ್ಕ ಗೊಬ್ಬರ ಅಲ್ಲಿಂದನ ಹೋಗೋದು, ಅನ್ನ ಅಲ್ಲಿಂದನ ಬರೋದು. ನಮ್ಮ ಅಜ್ಜನ ಹೆಸರು ತಿಪ್ಪಣ್ಣ. ಅವನಕಿಂತ ಮೊದಲ ಹುಟ್ಟಿದ ಮೂರು ಕೂಸು ಉಳೀಲಿಲ್ಲಂತ. ಇವನ್ನ ಹುಟ್ಟಿದ ಕೂಡ್ಲೆ ತಿಪ್ಪಿ ಮ್ಯಾಲ ಮಲಗಿಸಿ, ತಿಪ್ಪವ್ವನ ಮಗ ಅಂದು, ಎತ್ಕೊಂಡು ಬಂದರಂತ. ಉಳಕೊಂಡ. ತಿಪ್ಪೇಸ್ವಾಮಿ, ತಿಪ್ಪವ್ವ, ತಿಪ್ಪೇಶಿ ಅಂತ ನಮ್ಮ ಕಡಿ ಊರಿಗೆ ಹತ್ತು ಮಂದಿ ಸಿಗ್ತಾರ.

ಅದಕ್ಕ ನಾ ಹೇಳೋದು, ‘ಕಸವೋ ಪವಿತ್ರವೋ’ ಅಂತ ಎರಡು ತಕ್ಕಡಿ ಮಾಡಬ್ಯಾಡ್ರಿ. ನಮ್ಮ ಭಾಷೆಯೊಳಗ ತಿಪ್ಪಿ ಎರಡೂ ಹೌದು. ಚಿಪ್ಪಿನ ತಿಪ್ಪೆ ಅಂತನ ಬರೀರಿ ಅಕ್ಕಾರೆ.

ಇನ್ನೊಂದು. ನಮ್ಮೂರ ಹತ್ತಿರ ಬೂದಿದಿಬ್ಬ ಐತಿ. ಹೊಸ ಶಿಲಾಯುಗದ ದನಗಾರರು ಸಗಣಿ ರಾಶಿ ಹಾಕಿ, ಸುಟ್ಟು, ಮತ್ತ ಹಾಕಿ, ಮತ್ತ ಸುಟ್ಟು ಆದ ಗುಡ್ಡ. ಮಂದಿ ಹಂಗ ಅನ್ನೂದಿಲ್ಲ, ರಾಕ್ಷಸರನ್ನ ಸುಟ್ಟ ಬೂದಿ ಅಂತಾರ. ಹಂಪಿ ಹತ್ತಿರ ನಿಂಬಾಪುರದಾಗಿನ ದಿಬ್ಬಕ್ಕ ವಾಲಿಯ ಚಿತೆ ಅಂತಾರ. ಜಪಾನಿನ ಮಂದಿ ತಮ್ಮ ಚಿಪ್ಪಿನ ಗುಡ್ಡಕ್ಕ ಏನಾರ ಕಥಿ ಕಟ್ಯಾರೇನ್ರಿ?

ಉತ್ಖನನ_ವಿದ್ಯಾರ್ಥಿ:
ಕಟ್ಟಿದ್ದಾರೆ ಅಣ್ಣ, ಅದೂ ದೈತ್ಯನ ಕಥೆಯೇ! 713ರಲ್ಲಿ ಜಪಾನಿನ ಅರಮನೆ ಪ್ರತಿ ಸೀಮೆಯ ಊರು, ಬೆಳೆ, ಐತಿಹ್ಯಗಳನ್ನು ಬರೆದು ಕಳಿಸಿ ಎಂದು ಅಪ್ಪಣೆ ಮಾಡಿತು. ಹಾಗೆ ತಯಾರಾದ ‘ಹಿತಾಚಿ ಫುದೊಕಿ’ಯಲ್ಲಿ ಒಂದು ಗುಡ್ಡದ ಮಾತಿದೆ. ಅಲ್ಲಿ ಬಹಳ ದೊಡ್ಡ ಮೈಯ ಒಬ್ಬನಿದ್ದನಂತೆ. ಗುಡ್ಡದ ಮೇಲೆ ಕೂತೇ ಕಡಲಿಗೆ ಕೈಚಾಚಿ ಚಿಪ್ಪುಮೀನು ಬಾಚಿ ತಿನ್ನುತ್ತಿದ್ದ, ಅವನು ತಿಂದ ಚಿಪ್ಪೇ ರಾಶಿಯಾಯಿತು ಎನ್ನುತ್ತದೆ ಆ ಬರಹ. ಅದು ಇಂದಿನ ಮಿತೊ ನಗರದ ಓಗುಶಿ ದಿಬ್ಬ. ಚಿಪ್ಪಿನ ದಿಬ್ಬದ ಬಗ್ಗೆ ಜಪಾನಿನಲ್ಲಿರುವ ಅತಿ ಹಳೆಯ ಬರಹ ಇದೇ. ಈಗ ಅಲ್ಲಿ ದೈತ್ಯ ದೈದರಬೊಚ್ಚಿಯ ದೊಡ್ಡ ಪ್ರತಿಮೆ ನಿಲ್ಲಿಸಿದ್ದಾರೆ.

ಕಥೆಯೊಳಗಿನ ಬುದ್ಧಿ ಗಮನಿಸಿ. 1,300 ವರ್ಷದ ಹಿಂದಿನ ಜನ ಎರಡು ವಿಷಯ ಸರಿಯಾಗಿ ಹಿಡಿದಿದ್ದರು. ಒಂದು, ಇದು ಉಂಡು ಉಳಿದದ್ದು. ಎರಡು, ಕಡಲು ಇಲ್ಲಿಂದ ದೂರ, ಹಾಗಾಗಿ ಉಂಡವನ ಕೈ ಬಹಳ ಉದ್ದವಿರಬೇಕು. ಡೆನ್ಮಾರ್ಕಿನ ಮೂವರಿಗಿಂತ ಸಾವಿರ ವರ್ಷ ಮುಂಚೆ.

ತಿಪ್ಪೆಯ ಬಗ್ಗೆ ನೀವು ಹೇಳಿದ್ದನ್ನು ಓದಿ ನನ್ನ ವಾದ ಬಿಟ್ಟೆ. ಜಪಾನಿನಲ್ಲೂ ಇದೇ ದಿಕ್ಕಿನ ಯೋಚನೆ ಇದೆ. 1935ರಲ್ಲಿ ಕೊನೊ ಹಿರೊಮಿಚಿ ಎಂಬ ವಿದ್ವಾಂಸರು ಉತ್ತರ ಜಪಾನಿನ ಮೂಲನಿವಾಸಿಗಳಾದ ಐನು ಜನರ ‘ಇಯೊಮಾಂತೆ’ಯನ್ನು ನೆನೆದು ಬರೆದರು. ಅದು ಕರಡಿಯ ಜೀವವನ್ನು ಸತ್ಕರಿಸಿ ದೇವಲೋಕಕ್ಕೆ ಬೀಳ್ಕೊಡುವ ಆಚರಣೆ. ಹಾಗೆಯೇ ಚಿಪ್ಪಿನ ದಿಬ್ಬವೂ ಪ್ರಾಣಿ, ಪಾತ್ರೆ, ಮನುಷ್ಯ ಎಲ್ಲವನ್ನೂ ಕಳಿಸಿಕೊಡುವ ಜಾಗವಾಗಿರಬಹುದು ಎಂದು ಅವರ ಅಭಿಪ್ರಾಯ. ಐದು ಸಾವಿರ ವರ್ಷ ಹಿಂದಿನವರ ಮನಸ್ಸನ್ನು ಈಚಿನ ಐನು ಆಚರಣೆಯಿಂದ ಓದಬಹುದೇ ಎಂಬ ತಕರಾರು ಇದ್ದೇ ಇದೆ.

ಮಂಗಳೂರು_ಸಂಜೆ:
ರೈಲಿನ ಕಿಟಕಿಯಿಂದ ಒಬ್ಬ ಅಮೆರಿಕನ್ ಪ್ರೊಫೆಸರ್ ಇದನ್ನೆಲ್ಲ ಕಂಡುಹಿಡಿದರು ಅಂತ ಎಲ್ಲೋ ಓದಿದ ನೆನಪು. ಅದು ನಿಜವೋ ಕಥೆಯೋ? ಮತ್ತೆ ಓಗುಶಿ ಕಡಲಿಂದ ದೂರ ಅಂದಿರಿ. ಚಿಪ್ಪನ್ನು ಅಷ್ಟು ದೂರ ಹೊತ್ತರೇ?

ಚಿಬಾ_ಕನ್ನಡತಿ:
ನಿಜ. ಎಡ್ವರ್ಡ್ ಮೋರ್ಸ್ ಅವರ ಹೆಸರು. ಅಮೆರಿಕದ ಮೇನ್ ರಾಜ್ಯದವರು, ಪ್ರಾಣಿಶಾಸ್ತ್ರಜ್ಞ. 1877ರ ಜೂನಿನಲ್ಲಿ ಜಪಾನಿಗೆ ಬಂದದ್ದು ಬ್ರಾಕಿಯೊಪಾಡ್ ಎಂಬ ಸಮುದ್ರಜೀವಿಯನ್ನು ಅಭ್ಯಾಸ ಮಾಡಲು. ಯೊಕೊಹಾಮಾದಿಂದ ಟೋಕಿಯೊಗೆ ಹೋಗುವ ರೈಲು ಆಗ ಐದು ವರ್ಷದ ಕೂಸು. ಓಮೊರಿ ನಿಲ್ದಾಣ ದಾಟಿದ ಮೇಲೆ ಹಳಿಗಾಗಿ ಕಡಿದ ದಂಡೆಯಲ್ಲಿ ಬಿಳಿಯ ಚಿಪ್ಪಿನ ಪದರ ಕಂಡಿತು. ಅಮೆರಿಕದ ಕರಾವಳಿಯಲ್ಲಿ ಇಂಥ ದಿಬ್ಬಗಳನ್ನು ನೋಡಿದ ಕಣ್ಣು ಅವರದು, ಕೂಡಲೇ ಗುರುತಿಸಿದರು. ಅದೇ ಸೆಪ್ಟೆಂಬರಿನಲ್ಲಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಅಗೆತ ಶುರು, 1879ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದಿಂದ ವರದಿ. ಜಪಾನಿನ ಮೊದಲ ವೈಜ್ಞಾನಿಕ ಉತ್ಖನನ ಎಂದು ಅದನ್ನೇ ಕರೆಯುತ್ತಾರೆ. ಅಲ್ಲಿನ ಮಡಕೆಗಳ ಮೈಮೇಲೆ ಹುರಿ ಹೊರಳಿಸಿ ಒತ್ತಿದ ಗುರುತಿತ್ತು. ‘ಹುರಿ ಗುರುತಿನ ಮಡಕೆ’ ಎಂದು ಮೋರ್ಸ್ ಬರೆದರು. ಅದರ ಜಪಾನಿ ರೂಪವೇ ‘ಜೋಮೊನ್’. ಹದಿಮೂರು ಸಾವಿರ ವರ್ಷ ನಡೆದ ಒಂದು ಕಾಲಕ್ಕೆ ಹೆಸರು ಬಂದದ್ದು ಹೀಗೆ.

ಅವರು ಹೇಳಿದ ಇನ್ನೊಂದು ಮಾತು ಗದ್ದಲ ಎಬ್ಬಿಸಿತು. ಮನುಷ್ಯರ ಮೂಳೆಗಳೂ ಜಿಂಕೆಯ ಮೂಳೆಗಳಂತೆ ಒಡೆದು ಚದುರಿದ್ದವು, ಹಾಗಾಗಿ ಇವರು ನರಮಾಂಸ ತಿನ್ನುತ್ತಿದ್ದರು ಎಂದು ಬರೆದರು. ಹಾಗಾದರೆ ಇವರು ನಮ್ಮ ಪೂರ್ವಜರೋ ಅಲ್ಲವೋ ಎಂದು ಊರೆಲ್ಲ ಚರ್ಚೆ. ಆಮೇಲೆ ಬೇರೆ ದಿಬ್ಬಗಳಲ್ಲಿ ಜೋಪಾನವಾಗಿ ಹೂತವರು ನೂರಾರು ಜನ ಸಿಕ್ಕಾಗ ಚಿತ್ರ ಬದಲಾಯಿತು.

ನಿವೃತ್ತ_ಮೇಷ್ಟ್ರು:
ಮೋರ್ಸ್ ವಿಷಯದಲ್ಲಿ ಒಂದು ಸೇರಿಸಲೇ? ಓಮೊರಿಯ ಚಿಪ್ಪುಗಳನ್ನು ಅವರು ಆಗಿನ ಟೋಕಿಯೊ ಕೊಲ್ಲಿಯ ಜೀವಂತ ಚಿಪ್ಪುಗಳ ಜೊತೆಗಿಟ್ಟು ಅಳೆದರು. ಗಾತ್ರ, ಆಕಾರ ಬದಲಾಗಿತ್ತು. ಜೀವಿಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ ಎಂಬುದಕ್ಕೆ ಸಾಕ್ಷಿ ಎಂದರು. ‘ನೇಚರ್’ ಪತ್ರಿಕೆಯಲ್ಲಿ ಡಿಕಿನ್ಸ್ ಎಂಬವರು ವರದಿಯನ್ನು ಕಟುವಾಗಿ ಟೀಕಿಸಿದಾಗ, 1880ರ ಏಪ್ರಿಲಿನಲ್ಲಿ ಮೋರ್ಸ್ ಪರವಾಗಿ ಅದೇ ಪತ್ರಿಕೆಗೆ ಬರೆದವರು ಸ್ವತಃ ಚಾರ್ಲ್ಸ್ ಡಾರ್ವಿನ್. ಜಪಾನಿನ ತಿಪ್ಪೆಯೊಂದು ಡಾರ್ವಿನ್ನರ ಮೇಜಿಗೆ ಹೋಗಿತ್ತು. ಈ ಸಂಗತಿಯನ್ನು ತರಗತಿಯಲ್ಲಿ ಮೂವತ್ತು ವರ್ಷ ಹೇಳಿದ್ದೇನೆ, ಈಗಲೂ ಮೈ ನವಿರೇಳುತ್ತದೆ.

ಉತ್ಖನನ_ವಿದ್ಯಾರ್ಥಿ:
ಮಂಗಳೂರಿನವರ ಎರಡನೇ ಪ್ರಶ್ನೆಗೆ ಉತ್ತರ: ಬಹುಪಾಲು ಕಡೆ ಜನ ಚಿಪ್ಪನ್ನು ದೂರ ಹೊರಲಿಲ್ಲ, ಕಡಲೇ ಒಳಗೆ ಬಂದಿತ್ತು. ಹಿಮಯುಗದ ಮಂಜು ಕರಗಿ ಸುಮಾರು 7,000ದಿಂದ 6,000 ವರ್ಷದ ಹಿಂದೆ ನೀರಿನ ಮಟ್ಟ ಇಂದಿಗಿಂತ ಎರಡು-ಮೂರು ಮೀಟರ್ ಮೇಲಿತ್ತು. ಟೋಕಿಯೊದ ಸುತ್ತಲಿನ ಕಾಂತೊ ಬಯಲು ಚಪ್ಪಟೆ ನೆಲ, ನೀರು ಕಣಿವೆಗಳಲ್ಲಿ ಬೆರಳು ಚಾಚಿದ ಹಾಗೆ ಏರಿತು. ತೊಚಿಗಿ ಪ್ರಾಂತದಲ್ಲಿ ಫುಜಿಒಕಾ ಎಂಬ ದಿಬ್ಬವಿದೆ. ಈಗ ಅಲ್ಲಿಂದ ಟೋಕಿಯೊ ಕೊಲ್ಲಿಗೆ 60 ಕಿಲೋಮೀಟರಿಗೂ ಹೆಚ್ಚು. ತೊಚಿಗಿಗೆ ಈಗ ಕಡಲತಡಿಯೇ ಇಲ್ಲ.

1926ರಲ್ಲಿ ತೊಕಿ ರ್‍ಯೂಶಿಚಿ ಎಂಬ ಭೂಗೋಳಶಾಸ್ತ್ರಜ್ಞರು ಒಂದು ಸರಳ ಕೆಲಸ ಮಾಡಿದರು. ಕಾಂತೊ ಬಯಲಿನ ಚಿಪ್ಪಿನ ದಿಬ್ಬಗಳನ್ನೆಲ್ಲ ನಕ್ಷೆಯ ಮೇಲೆ ಗುರುತಿಸಿ, ಅವು ಇದ್ದ ಕಡೆ ಕಡಲು ಹತ್ತಿರವಿರಲೇಬೇಕು ಎಂದು ಹಳೆಯ ತೀರರೇಖೆ ಎಳೆದರು. ಯಾವ ಚಿಪ್ಪು ಎಂಬುದೂ ಮಾತಾಡುತ್ತದೆ. ಸೈತಾಮಾದ ಮಿಜುಕೊ ದಿಬ್ಬದಲ್ಲಿ ಹೆಚ್ಚಾಗಿರುವುದು ‘ಶಿಜಿಮಿ’, ಹೊಳೆ ಕಡಲು ಸೇರುವ ಸಪ್ಪೆ-ಉಪ್ಪು ನೀರಿನ ಸಣ್ಣ ಚಿಪ್ಪು. ಅಂದರೆ ಅಳಿವೆ ಅಲ್ಲೇ ಇತ್ತು. ಮುಂದೆ ನೀರು ಇಳಿಯಿತು, ನದಿಗಳು ಹೂಳು ತಂದವು, ತೀರ ಹಿಂದೆ ಸರಿಯಿತು, ದಿಬ್ಬಗಳು ನಾಡಿನ ನಡುವೆ ಉಳಿದವು. ಓಗುಶಿಯ ದೈತ್ಯನ ಕೈ ಉದ್ದವಾದದ್ದು ಹೀಗೆ.

ಮಂಗಳೂರು_ಸಂಜೆ:
ವಂದನೆಗಳು. ಇದು ಗೊತ್ತೇ ಇರಲಿಲ್ಲ. ಆದರೆ ಇಷ್ಟು ಚಿಪ್ಪು ತಿಂದವರು ಬರೀ ಚಿಪ್ಪಿನ ಮೇಲೆಯೇ ಬದುಕಿದ್ದರೇ? ಮರುವಾಯಿ ಒಂದು ಬುಟ್ಟಿ ತಂದರೂ ನಮ್ಮ ಮನೆಯಲ್ಲಿ ನಾಲ್ಕು ಜನಕ್ಕೆ ಒಂದು ಹೊತ್ತಿನ ಸುಕ್ಕಕ್ಕೆ ಸಾಲುವುದಿಲ್ಲ.

ಉತ್ಖನನ_ವಿದ್ಯಾರ್ಥಿ:
ನಿಮ್ಮ ಬುಟ್ಟಿಯ ಲೆಕ್ಕವೇ ಸರಿ. ಬ್ರಿಟನ್ನಿನ ಜೆಫ್ ಬೈಲಿ 1978ರಲ್ಲಿ ಯುರೋಪಿನ ಕೆಂಜಿಂಕೆಗೆ ಒಂದು ಲೆಕ್ಕ ಹಾಕಿದ್ದರು: ಒಂದು ಜಿಂಕೆಯಿಂದ ಸಿಗುವ ಕಸುವು ಚಿಪ್ಪುಮೀನಿನಿಂದ ಬರಬೇಕಾದರೆ ಐವತ್ತು ಸಾವಿರಕ್ಕೂ ಹೆಚ್ಚು ಸಿಂಪಿ ಬೇಕು. ಚಿಪ್ಪು ಕರಗುವುದಿಲ್ಲ, ಅದಕ್ಕೇ ದಿಬ್ಬ ಕಣ್ಣು ತುಂಬುತ್ತದೆ. ಅವರು ತಿಂದ ಚೆಸ್ಟ್‌ನಟ್, ಅಕ್ರೋಡು, ಗೆಡ್ಡೆ, ಸೊಪ್ಪು ಮಣ್ಣಾಗಿ ಹೋಯಿತು. ಸಣ್ಣ ಜರಡಿಯಲ್ಲಿ ಮಣ್ಣು ತೊಳೆಯಲು ಶುರುಮಾಡಿದ ಮೇಲೆ ಬೂತಾಯಿಯಂಥ ಸಣ್ಣ ಮೀನಿನ ಮುಳ್ಳು ರಾಶಿ ರಾಶಿ ಸಿಕ್ಕಿತು. ಮುಂಚೆ ಕೈಯಲ್ಲಿ ಆರಿಸುವಾಗ ಅವೆಲ್ಲ ತಪ್ಪಿಹೋಗಿದ್ದವು.

ಟೋಕಿಯೊದ ಕಿತಾ ವಾರ್ಡಿನ ನಕಾಜಾತೊ ದಿಬ್ಬ ಮಾತ್ರ ಬೇರೆ ಥರ. ಕೆಲವು ಕಡೆ 4.5 ಮೀಟರ್ ದಪ್ಪ! ಸಿಂಪಿ, ಹಮಾಗುರಿ (ಬಳಚಿನಂಥ ಚಿಪ್ಪುಮೀನು) ಎರಡೇ ಹೆಚ್ಚು. ಮನೆಯ ಕುರುಹಿಲ್ಲ, ಮಡಕೆ ಚೂರೂ ಕಡಿಮೆ. ಅಲ್ಲಿ ಯಾರೂ ಉಣ್ಣಲು ಕೂತಿರಲಿಲ್ಲ. ಕಡಲಂಚಿನಲ್ಲಿ ಚಿಪ್ಪು ಬೇಯಿಸಿ, ಮಾಂಸ ಬಿಡಿಸಿ ಒಳನಾಡಿಗೆ ಕಳಿಸುವ ಕೆಲಸ ನಡೆಯುತ್ತಿತ್ತು ಎಂಬುದೇ ಈಗಿನ ವಿವರಣೆ.

ಅಘನಾಶಿನಿ_ತೀರ:
ಬೇಯಿಸಿದ್ದು ಹೇಗೆ? ಅಷ್ಟು ದೊಡ್ಡ ಪಾತ್ರೆ ಎಲ್ಲಿಂದ?

ಉತ್ಖನನ_ವಿದ್ಯಾರ್ಥಿ:
ನೆಲದಲ್ಲಿ ತಗ್ಗು ತೋಡಿ, ನೀರು ಮತ್ತು ಚಿಪ್ಪು ಹಾಕಿ, ಬೆಂಕಿಯಲ್ಲಿ ಕಾಯಿಸಿದ ಕಲ್ಲುಗಳನ್ನು ಅದರೊಳಗೆ ಇಳಿಸುವುದು. ಅಂಥ ತಗ್ಗುಗಳೂ ಸುಟ್ಟ ಕಲ್ಲುಗಳೂ ಅಲ್ಲಿ ಸಿಕ್ಕಿವೆ.

ಅಕ್ಕ, ನಿಮಗೆ ಇಷ್ಟವಾಗುವ ಇನ್ನೊಂದು ವಿಷಯ ಹೇಳುತ್ತೇನೆ. ಚಿಪ್ಪನ್ನು ಅಡ್ಡ ಕೊಯ್ದು ನಯಮಾಡಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಮರದ ವರ್ಷದ ಉಂಗುರದ ಹಾಗೆ ದಿನದ ಗೆರೆ ಕಾಣುತ್ತದೆ. ಚಳಿಯಲ್ಲಿ ಬೆಳವಣಿಗೆ ನಿಧಾನ, ಗೆರೆಗಳು ಒತ್ತೊತ್ತಾಗಿರುತ್ತವೆ. ಆ ಒತ್ತು ಗೆರೆಯಿಂದ ಅಂಚಿನವರೆಗೆ ಎಣಿಸಿದರೆ ಆ ಚಿಪ್ಪನ್ನು ವರ್ಷದ ಯಾವ ಕಾಲದಲ್ಲಿ ಹಿಡಿದರೆಂದು ಗೊತ್ತಾಗುತ್ತದೆ. ಕೊಯಿಕೆ ಹಿರೊಕೊ ಎಂಬ ಸಂಶೋಧಕಿ ಹಮಾಗುರಿಯ ಮೇಲೆ ಈ ಕೆಲಸ ಮಾಡಿದರು. ವರ್ಷವಿಡೀ ಆಯ್ದಿದ್ದಾರೆ, ಆದರೆ ವಸಂತದಲ್ಲಿ ಬಹಳ ಹೆಚ್ಚು. ನಿಮ್ಮಲ್ಲಿ ಬಳಚು ಯಾವ ತಿಂಗಳಲ್ಲಿ ಜಾಸ್ತಿ? ಅಮ್ಮನನ್ನು ಕೇಳಿ ಹೇಳುವಿರಾ?

ಕುಡತಿನಿ_ಕಡೆಯವ:
ಹಳೇದು ಎಷ್ಟು ಹಳೇದು ತಮ್ಮಾ? ಎಲ್ಲಕ್ಕೂ ಮೊದಲಿಂದು ಯಾವುದು?

ಉತ್ಖನನ_ವಿದ್ಯಾರ್ಥಿ:
ಹೆಸರುವಾಸಿಯಾದದ್ದು ಯೊಕೊಸುಕಾದ ನತ್ಸುಶಿಮಾ. ಅಲ್ಲಿನ ಸಿಂಪಿ ಮತ್ತು ಇದ್ದಿಲನ್ನು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಕಳಿಸಿದಾಗ 9,000 ವರ್ಷ ಮೀರಿದ ಕಾಲಮಾನ ಬಂತು. 1959ರಲ್ಲಿ ಅದು ಪ್ರಕಟವಾದಾಗ ನಂಬಿದವರು ಕಡಿಮೆ. ಜಪಾನಿನಲ್ಲಿ ಮಡಕೆ ಅಷ್ಟು ಹಿಂದೆಯೇ ಇತ್ತೆಂದರೆ ಲೋಕದ ಲೆಕ್ಕವೇ ಮೇಲೆ ಕೆಳಗಾಗುತ್ತಿತ್ತು. ಯಮಾನೌಚಿ ಸುಗಾಒ ಅಂಥ ದೊಡ್ಡ ವಿದ್ವಾಂಸರೇ ಒಪ್ಪಲಿಲ್ಲ. ಕೊನೆಗೆ ಮಡಕೆ ಅದಕ್ಕಿಂತಲೂ ಹಳೆಯದೆಂದು ತಿಳಿಯಿತು. ಸಾಗಾ ಪ್ರಾಂತದ ಹಿಗಾಶಿಮ್ಯೊ ದಿಬ್ಬ ಸುಮಾರು 8,000 ವರ್ಷದ್ದು. ಹೂಳಿನ ಕೆಳಗೆ ಒದ್ದೆಯಾಗಿಯೇ ಉಳಿದಿದ್ದರಿಂದ ಅಲ್ಲಿ 700ಕ್ಕೂ ಹೆಚ್ಚು ಹೆಣೆದ ಬುಟ್ಟಿಗಳು ಸಿಕ್ಕಿವೆ. ಯಾರೋ ಕೂತು ಹೆಣೆದ ಒಂದೊಂದು ಎಳೆಯೂ ಎಣಿಸುವ ಹಾಗಿದೆ.

ಚಿಬಾ_ಕನ್ನಡತಿ:
ಮೊನ್ನೆ ಭಾನುವಾರ ಮಕ್ಕಳ ಜೊತೆ ಹೋಗಿಬಂದೆವು. ಹದಿನೇಳು ಮಕ್ಕಳು. ಚಿಬಾ ಮೊನೊರೈಲಿನ ಸಕುರಗಿ ನಿಲ್ದಾಣದಲ್ಲಿ ಇಳಿದು ನಡೆದೆವು. ನೋಡುವವರಿದ್ದರೆ ಹೇಳುತ್ತೇನೆ: ಸಂಗ್ರಹಾಲಯ ಮುಗಿಸಿ ಹೊರಟುಬಿಡಬೇಡಿ. ದಿಬ್ಬವನ್ನೇ ಗೋಡೆಯಂತೆ ಕಡಿದು ಮೇಲೆ ಸೂರು ಕಟ್ಟಿರುವ ಜಾಗವಿದೆ, ಅದರೊಳಗೆ ನಿಲ್ಲಿ. ಎರಡೂ ಕಡೆ ಬರೀ ಚಿಪ್ಪು. ಬೆರಳ ತುದಿಯಷ್ಟಿರುವ ‘ಇಬೊಕಿಸಾಗೊ’ ಎಂಬ ಸುರುಳಿ ಚಿಪ್ಪು ಲೆಕ್ಕವಿಲ್ಲದಷ್ಟು, ನಡುನಡುವೆ ಹಮಾಗುರಿ. ಅಷ್ಟು ಸಣ್ಣದರಿಂದ ಮಾಂಸ ತೆಗೆಯುವುದು ಕಷ್ಟ, ಸಾರಿಗೆ ರುಚಿ ಬರಲೆಂದು ಕುದಿಸಿರಬಹುದು ಎನ್ನುತ್ತಾರೆ. ಕೆಲವು ಪದರ ಅಚ್ಚ ಬಿಳಿ, ಮಧ್ಯೆ ಕಪ್ಪು ಮಣ್ಣು, ಬೂದಿಯ ಒಂದು ಗೆರೆ. ಒಂದೊಂದು ಗೆರೆ ಎಂದರೆ ಒಂದು ಸಂಜೆಯ ಅಡುಗೆ ಎಂದೆ. ಮಕ್ಕಳು ಅಲ್ಲೇ ಸುಮ್ಮನಾದರು.

ಟಿಪ್ಪಣಿಯಲ್ಲಿ ‘ಚಿಪ್ಪಿನ ತಿಪ್ಪೆ’ ಎಂದೇ ಬರೆದೆ. ಪಕ್ಕದಲ್ಲಿ ದೀಪಾವಳಿಯ ದೀಪದ ವಿಷಯವನ್ನೂ, ತಿಪ್ಪಣ್ಣಜ್ಜನ ವಿಷಯವನ್ನೂ ಬರೆದೆ. ಅಣ್ಣಾ, ನಿಮ್ಮನ್ನು ಕೇಳದೆ ಸೇರಿಸಿದ್ದಕ್ಕೆ ಕ್ಷಮೆಯಿರಲಿ. ಒಬ್ಬ ಹುಡುಗ ತನ್ನ ಮುತ್ತಜ್ಜಿಯ ಹೆಸರು ತಿಪ್ಪಮ್ಮ ಎಂದು ಎದ್ದು ನಿಂತು ಹೇಳಿದ.

ಕುಡತಿನಿ_ಕಡೆಯವ:
ಕ್ಷಮೆ ಯಾಕ್ರಿ ಅಕ್ಕಾರೆ. ನಮ್ಮವ್ವಗ ಓದಿ ಹೇಳೀನಿ. ಜಪಾನಿನಾಗ ಅಜ್ಜನ ಹೆಸರು ಹೇಳ್ಯಾರಂತ ಓಣ್ಯಾಗೆಲ್ಲ ಹೇಳಿ ಬಂದಾಳ.

ಅಘನಾಶಿನಿ_ತೀರ:
ವಿದ್ಯಾರ್ಥಿ ತಮ್ಮಾ, ಅಮ್ಮನನ್ನು ಕೇಳಿದೆ. ಮಳೆಗಾಲದಲ್ಲಿ ಹೊಳೆ ಪೂರ್ತಿ ಸಿಹಿಯಾಗಿ ಬಿಡುತ್ತದೆ, ಆಗ ಬಳಚು ಸಿಗುವುದಿಲ್ಲ. ಚಳಿ ಕಳೆದು ಬಿಸಿಲು ಏರುವಾಗ ಮಾಂಸ ತುಂಬಿಕೊಂಡಿರುತ್ತದೆ, ಆಗಲೇ ಹೆಚ್ಚು ಆಯುವುದು ಎಂದಳು. ಅಜ್ಜಿಯ ಹಿತ್ತಲಿನ ರಾಶಿಯ ಬಗ್ಗೆಯೂ ಕೇಳಿದೆ. ಸುಣ್ಣದವರು ಮೇಲಿನದನ್ನಷ್ಟೇ ಬಾಚಿ ಒಯ್ದರಂತೆ. ಮಣ್ಣಿಗೆ ಕೂತದ್ದು ಹಾಗೇ ಇದೆ, ಅದರ ಮೇಲೆ ಅಪ್ಪ ತೆಂಗಿನ ಸಸಿ ನೆಟ್ಟಿದ್ದು. ನಿನ್ನೆ ಸಂಜೆ ಹೋಗಿ ಬುಡದಲ್ಲಿ ಗುದ್ದಲಿ ಹಾಕಿದೆ. ಒಂದು ಗೇಣು ಕೆಳಗೆ ಬೆಳ್ಳಗೆ ಚಿಪ್ಪು ಬಂತು, ಅದರ ನಡುವೆ ಅಜ್ಜಿಯ ಮಣ್ಣಿನ ಗಡಿಗೆಯ ಕಂಠದ ಒಂದು ಚೂರು. ತೊಳೆದು ಕಿಟಕಿಯ ಮೇಲೆ ಇಟ್ಟಿದ್ದೇನೆ. ಗುಂಡಿಯನ್ನು ಹಾಗೇ ಮುಚ್ಚಿದೆ.